ದರ್ಜಿಯ ಬಾಯಲ್ಲಿದ್ದ ಗುಂಡುಸೂಜಿಗಳು

ಮೂಲೆ ಅಂಗಡಿಯ ದರ್ಜಿ ಬಾಯಿ ಬಿಡದ ಮನುಷ್ಯ ಎಂದು ಬೀದಿಗೆಲ್ಲ ಗೊತ್ತಿತ್ತು. ಬಾಯಿ ಖಾಲಿ ಇದ್ದರೆ ತಾನೆ ಬಿಡುವುದು? ಬೆಳಗ್ಗೆ ಶಟರ್ ಎತ್ತಿ ನಾಲ್ಕೈದು ಗುಂಡುಸೂಜಿಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡನೆಂದರೆ ಸಂಜೆಯವರೆಗೆ ಎಲ್ಲದಕ್ಕೂ ಒಂದೇ ಉತ್ತರ: "ಹ್ಞೂಂ." ಕೋಟು ನಾಳೆ ಸಿಗುತ್ತದಾ ಎಂದವರಿಗೂ ಅದೇ, ಹೋದ ವಾರವೇ ಕೊಡಬೇಕಿತ್ತಲ್ಲ ಎಂದು ರೇಗಿದವರಿಗೂ ಅದೇ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆತ ಆ ಲೆಕ್ಕದಲ್ಲಿ ಸಾಹುಕಾರ.

ಹಗಲೆಲ್ಲ ಸುಮ್ಮನಿದ್ದ ಬಾಯಿ ರಾತ್ರಿ ಸೇಡು ತೀರಿಸಿಕೊಳ್ಳುತ್ತಿತ್ತು. ನಿದ್ದೆಯಲ್ಲಿ ಆತ ಕಟಕಟ ಹಲ್ಲು ಕಡಿಯುವ ಸದ್ದಿಗೆ, ಅಂಗಡಿಯ ಕೈಹೊಲಿಗೆಯನ್ನೆಲ್ಲ ಮುಗಿಸಿ ದಣಿದು ಮಲಗಿದ ಹೆಂಡತಿ ಬೆಚ್ಚಿ ಏಳುತ್ತಿದ್ದಳು. ಇಪ್ಪತ್ತೆಂಟು ವರ್ಷ ಸಹಿಸಿದವಳು ಒಂದು ದಿನ ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋದಳು.

"ಅದನ್ನ ನಿಲ್ಲಿಸಿ, ಆಮೇಲೆ ಬರ್ತೀನಿ" ಎಂದಳು. ಒಂದು ಜಗಳವಾದರೂ ಆಡಬಾರದಿತ್ತೇ? ಆಡಲಿಲ್ಲ. ಆತನಿಗೆ ಹೆದರಿಕೆಯಾದದ್ದು ಅದಕ್ಕೇ.

ಅಲ್ಲಿಂದ ಹೇಳಿದವರ ಮಾತೆಲ್ಲ ಕೇಳಿದ. ಪಕ್ಕದ ಅಂಗಡಿಯ ಅಜ್ಜಿ ಹೊಟ್ಟೆಹುಳ ಎಂದಳು. ಐವತ್ತೆರಡರಲ್ಲಿ ಹುಳದ ಮಾತ್ರೆ ನುಂಗಿದ್ದಾಯಿತು. ಸಂಜೆಯ ಕಾಫಿ ಬಿಟ್ಟ. ಮಲಗುವ ಮುಂಚೆ ಬಿಸಿ ಬಟ್ಟೆಯಿಂದ ದವಡೆಗೆ ಕಾವು ಕೊಟ್ಟ. ಹಲ್ಲಿನ ಡಾಕ್ಟರಮ್ಮ ಅಚ್ಚು ತೆಗೆದು ಪ್ಲಾಸ್ಟಿಕ್ ಕವಚ ಮಾಡಿಸಿಕೊಟ್ಟರೆ, ಎರಡೇ ತಿಂಗಳಲ್ಲಿ ಅದನ್ನೂ ಕಡಿದು ತೂತು ಮಾಡಿದ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಹಗಲು ಹೊತ್ತು ಏನಾದ್ರೂ ಕಚ್ಚಿಕೊಂಡಿರ್ತೀರಾ?"

"ಹ್ಞೂಂ. ಸೂಜಿ."

"ಮೊದಲು ಅದನ್ನ ಬಿಡಿ. ತುಟಿ ಮುಚ್ಚಿರಲಿ, ಹಲ್ಲಿಗೆ ಹಲ್ಲು ತಾಗದೇ ಇರಲಿ. ದಿನವಿಡೀ ಬಿಗಿದಿಟ್ಟ ದವಡೆ ರಾತ್ರಿ ಮಾತ್ರ ಸಡಿಲ ಆಗು ಅಂದ್ರೆ ಆಗತ್ತಾ?"

ಗುಂಡುಸೂಜಿಗಳು ಮಣಿಕಟ್ಟಿಗೆ ಕಟ್ಟಿದ ಪುಟ್ಟ ಹತ್ತಿದಿಂಬಿಗೆ ಹೋದವು. ಈಗ ಶುರುವಾಯಿತು ನೋಡಿ ಪೀಕಲಾಟ. ಖಾಲಿ ಬಾಯಿಯ ಮುಂದೆ ನಿಂತ ಗಿರಾಕಿ ಉತ್ತರಕ್ಕೆ ಕಾಯುತ್ತಾನೆ! "ಬುಧವಾರ ಆಗಲ್ಲ, ಶನಿವಾರ ಬನ್ನಿ" ಎಂದು ಮೊದಲ ಸಲ ನಿಜ ಹೇಳಿದ ದಿನ ಆತನ ಬೆನ್ನು ಬೆವೆತಿತ್ತು.

ಮೂರನೇ ವಾರದ ಒಂದು ಮಧ್ಯಾಹ್ನ ಬೋರ್ಡು ಬರೆಯುವವನು ಅಂಗಡಿಯ ಹಳೇ ಬೋರ್ಡನ್ನು ಕೆಳಗಿಳಿಸಿ ಉಜ್ಜುತ್ತಿದ್ದ. ಒಳಗೆ ಹೆಂಡತಿ ತೊಡೆಯ ಮೇಲೆ ಕೋಟು ಹರವಿಕೊಂಡು ಕಾಜಾ ಹೊಲಿಯುತ್ತಿದ್ದಳು. ಬೋರ್ಡಿಗೆ ಬಣ್ಣ ಹೊಡೆಸಿದಾಗಲೆಲ್ಲ ಕೇಳಿ "ಹ್ಞೂಂ" ಎನ್ನಿಸಿಕೊಂಡಿದ್ದ ಪ್ರಶ್ನೆಯನ್ನು, ತಲೆ ಎತ್ತದೆ ಮತ್ತೆ ಕೇಳಿದಳು.

"ರೀ, ಈ ಸಲನಾದ್ರೂ ನನ್ನ ಹೆಸರೂ ಬರೆಸ್ತೀರಾ?"

ಆತ ಮಿಷನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ.

"ಭಯ ಕಣೇ."

"ಏನ್ ಭಯ?"

"ಜನ ಬರೋದು ನಿನ್ನ ಕೈಕೆಲಸ ನೋಡಿ. ಹೆಸರು ಹಾಕಿಸಿದ್ರೆ ಎಲ್ರಿಗೂ ಗೊತ್ತಾಗಿಬಿಡತ್ತೆ."

ಆಕೆ ದಾರ ಕತ್ತರಿಸಿದಳು. "ಎಲ್ರಿಗೂ ಗೊತ್ತೇ ಇದೆ. ನಿಮಗೆ ಗೊತ್ತಿದೆಯಾ ಅನ್ನೋದೇ ನನಗೆ ಗೊತ್ತಿರಲಿಲ್ಲ."

ಕೋಟನ್ನು ಮಡಿಸಿಟ್ಟು ಅಂಗಡಿಯ ಹಿಂದಿನ ಮನೆಯೊಳಗೆ ಹೋದಳು. ನಡುಮನೆಯ ಹಾಸಿಗೆಯನ್ನು ಕೋಣೆಗೆ ಎಳೆಯುವ ಸದ್ದು ಅಂಗಡಿಯವರೆಗೂ ಕೇಳಿಸಿತು. ಆತ ಹಲ್ಲು ಕಡಿಯುವುದು ಇನ್ನೂ ಪೂರ್ತಿ ನಿಂತಿರಲಿಲ್ಲ.