ಬದುವಿನಾಚೆಗೆ ಹೇಳದ ಮಾತು

ನಲವತ್ತಮೂರನೇ ವಯಸ್ಸಿನಲ್ಲಿ ನಾನು ಮಾತು ಕಲಿಯಲು ಹೋದೆ. ದೇವನಹಳ್ಳಿಯ ಒಂದು ಆಸ್ಪತ್ರೆ, ಎರಡನೇ ಮಹಡಿ. ಗೋಡೆಯ ತುಂಬ ಆನೆ, ಮೊಲ, ಬಲೂನಿನ ಚಿತ್ರ. ಬೆಂಚಿನ ಮೇಲೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು, ನಡುವೆ ನಾನೊಬ್ಬ ಮೀಸೆಯವನು. ಉಗ್ಗು ಹೋಗಲಿ ಎಂಬ ಆಸೆ ನನಗೆ ಅಷ್ಟೇನೂ ಉಳಿದಿರಲಿಲ್ಲ, ಅದರ ಜೊತೆ ಸಂಸಾರ ಮಾಡಿ ಮಾಡಿ ಅಭ್ಯಾಸವಾಗಿಹೋಗಿತ್ತು. ನನಗೆ ಬೇಕಾಗಿದ್ದುದು ಒಂದೇ. ನನ್ನ ದೊಡ್ಡಪ್ಪನ ಮಗನ ಎದುರು ನಿಂತು, ಅವನು ಮಧ್ಯೆ ಬಾಯಿ ಹಾಕದ ಹಾಗೆ, ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಬೇಕಿತ್ತು. ಹೇಳಿ, ಅವನ ಮುಖ ನೋಡಬೇಕಿತ್ತು.

ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು. ಅಣ್ಣ ಎಂದೇ ಕರೆಯುತ್ತೇನೆ. ಆವತಿಯಿಂದ ಸ್ವಲ್ಪ ಆಚೆ ನಮ್ಮ ಊರು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಇಬ್ಬರ ಜಮೀನಿಗೂ ನಡುವೆ ಒಂದೇ ಬದು. ನಾನು ಬಾಯಿ ತೆರೆದು ಅಕ್ಷರ ಸಿಕ್ಕಿಕೊಂಡ ತಕ್ಷಣ ಅವನು ಸುತ್ತ ಇದ್ದವರಿಗೆ ಕಣ್ಣು ಹೊಡೆದು, ಚೋಕ್ ಎಳೀರೋ, ಸ್ಟಾರ್ಟ್ ಆಗ್ತಾನೆ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆಮೇಲೆ ನನ್ನ ಮಾತನ್ನು ಅವನೇ ಮುಗಿಸಿಬಿಡುತ್ತಿದ್ದ. ನಾನು ಹೇಳಬೇಕೆಂದಿದ್ದುದು ಅದಲ್ಲದಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಇನ್ನೊಮ್ಮೆ ಶುರು ಮಾಡುವುದಕ್ಕಿಂತ ಅದೇ ವಾಸಿ ಅನಿಸುತ್ತಿತ್ತು.

ಉಗ್ಗುವವನ ಬದುಕೆಂದರೆ ಸುತ್ತು ದಾರಿಯ ಬದುಕು. ಬೆಲ್ಲ ಎನ್ನಲು ಬಾರದೆ ಅಂಗಡಿಯಿಂದ ಸಕ್ಕರೆ ತಂದು ಅವ್ವನ ಕೈಲಿ ಬೈಸಿಕೊಂಡಿದ್ದೇನೆ. ಇಳಿಯಬೇಕಾದ ಊರಿನ ಹೆಸರು ಕಂಡಕ್ಟರಿಗೆ ಹೇಳಲಾರದೆ ಮುಂದಿನ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡು ಅಲ್ಲಿಂದ ವಾಪಸು ನಡೆದಿದ್ದೇನೆ. ಅಜ್ಜಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು, ಬಾಯೆಲ್ಲ ಉರಿಯಿತು, ಉಗ್ಗು ಹಾಗೇ ಇತ್ತು. ಇದನ್ನೆಲ್ಲ ನಾನು ಸಹಿಸಿಕೊಂಡೆ. ಯಾರ ಮೇಲೂ ದ್ವೇಷವಿಲ್ಲ. ಅವನೊಬ್ಬನನ್ನು ಬಿಟ್ಟು.

ಮದುವೆಗೆ ಮೊದಲು ಸಮೇತನಹಳ್ಳಿ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ಕಾಫಿ ಕೊಟ್ಟು ಒಳಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದಳು, ನನಗೆ ಬಹಳ ಹಿಡಿಸಿದಳು. ಅವಳ ಅಪ್ಪ ಎಷ್ಟು ಓದಿದ್ದೀಯಪ್ಪಾ ಎಂದು ಕೇಳಿದರು. ಪಿಯುಸಿ ಎನ್ನಬೇಕು, ತುಟಿ ಅಂಟಿಕೊಂಡಿತು. ಪಕ್ಕದಲ್ಲಿ ಕೂತಿದ್ದ ಅಣ್ಣ ಒಂದು ಕ್ಷಣ ಕಾಯಲಿಲ್ಲ. ಪೀ ಪೀ ಪೀ ಅಂತ ಬಸ್ಸು ಬರ್ತಿಲ್ಲ ಗಾಬರಿಯಾಗಬೇಡಿ, ನಮ್ಮ ಹುಡುಗನೇ ಎಂದ. ನಡುಮನೆಯಲ್ಲಿದ್ದವರೆಲ್ಲ ನಕ್ಕರು. ಒಳಗಿನಿಂದಲೂ ಒಂದು ನಗು ಕೇಳಿಸಿತು. ಆ ಮನೆಯಿಂದ ಮತ್ತೆ ಯಾವ ಸುದ್ದಿಯೂ ಬರಲಿಲ್ಲ. ವಾಪಸು ಬರುವಾಗ ಅವನು ಕಾರಿನಲ್ಲಿ ಹಾಡು ಹಾಕಿಕೊಂಡು ಬಂದ. ಅವತ್ತು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇರು ಮಗನೆ, ನಿನಗೊಂದು ಕಾಲ ಬರುತ್ತದೆ.

ಆ ಕಾಲ ಬರಲು ಹದಿನಾಲ್ಕು ವರ್ಷ ಹಿಡಿಯಿತು.

ಬದುವಿನ ಈಚೆ ನನ್ನ ದ್ರಾಕ್ಷಿ ತೋಟ. ಆಚೆ ಅವನ ಸೊಪ್ಪಿನ ತೋಟ, ಅಂದರೆ ರೇಷ್ಮೆ ಹುಳುವಿಗೆ ಹಾಕುವ ಹಿಪ್ಪುನೇರಳೆ. ನಮ್ಮ ಕಡೆ ಬರೆಯದ ಒಂದು ಕಟ್ಟಳೆ ಇದೆ. ಪಕ್ಕದಲ್ಲಿ ಸೊಪ್ಪಿನ ತೋಟವಿದ್ದರೆ, ಔಷಧಿ ಹೊಡೆಯುವವನು ಹೋಗಿ ಒಂದು ಮಾತು ಹೇಳಬೇಕು. ದ್ರಾಕ್ಷಿಯ ನುಸಿಗೆ ಹೊಡೆಯುವ ಔಷಧಿ ಗಾಳಿಯಲ್ಲಿ ಹಾರಿ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಬದುಕುವುದಿಲ್ಲ. ಮಾತು ಹೇಳಿದರೆ ಆಚೆಯವರು ಬದುವಿನ ಪಕ್ಕದ ಸಾಲುಗಳನ್ನು ಕೆಲವು ವಾರ ಮುಟ್ಟದೆ ಬಿಡುತ್ತಾರೆ. ಜಗಳವಾಡಿ ಮುಖ ನೋಡದವರು ಕೂಡ ಇದೊಂದನ್ನು ತಪ್ಪಿಸುವುದಿಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ ಈ ಮಾತು ಹೇಳಿಬರುತ್ತಿದ್ದವಳು ನನ್ನ ಹೆಂಡತಿ.

ಮೂರು ವರ್ಷದ ಹಿಂದೆ ಅವಳು ತ್ಯಾಮಗೊಂಡ್ಲುವಿನ ತವರಿಗೆ ಹೋಗಿದ್ದಾಗ ತೋಟದಲ್ಲಿ ನುಸಿ ಏರಿತು. ಬೆಳಗಿನ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ತೊಂದರೆಯಿಲ್ಲ ಎಂದು ಪೈಪು ಎಳೆದು ಶುರು ಮಾಡಿದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಾಳಿ ತಿರುಗಿತು. ಹನಿ ಹೊಗೆಯ ಹಾಗೆ ಎದ್ದು ಬದು ದಾಟಿತು. ಪಂಪು ನಿಲ್ಲಿಸಿ ಹೋಗಿ ನೋಡಿದೆ. ಅವನ ಐದು ಸಾಲಿನ ಎಲೆಗಳ ಮೇಲೆ ಸಣ್ಣ ಸಣ್ಣ ಹನಿ ಕೂತಿತ್ತು. ಬಿಸಿಲೇರಿ ಒಣಗಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅವತ್ತು ಕೊಯ್ಯುವ ಸರದಿ ಆ ಸಾಲುಗಳದ್ದೇ ಎಂಬುದು ನನಗೆ ಗೊತ್ತಿತ್ತು. ಅವನ ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಜ್ವರವೆಂದರೆ ಹುಳು ಪೊರೆ ಬಿಡಲು ಮಲಗುವುದು. ನಾಲ್ಕನೆಯದು ಎದ್ದ ಮೇಲೆ ಅವು ತಿನ್ನುವ ಸದ್ದು ಮನೆಯ ಹೊರಗೂ ಕೇಳಿಸುತ್ತದೆ, ಅಷ್ಟು ಹಸಿವು.

ಕೈ ತೊಳೆದು ಡೈರಿಗೆ ಓಡಿದೆ. ಓಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ಯಾಕೆಂದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ಹಾಲು ಹಾಕಿ ಕ್ಯಾನು ತೊಳೆಯುತ್ತಿದ್ದ. ಸಾಲಿನಲ್ಲಿ ಹತ್ತು ಹದಿನೈದು ಜನ ಇದ್ದರು. ಅಣ್ಣ ಎಂದೆ, ಅದು ಬಂತು. ಸೊಪ್ಪು ಎನ್ನಬೇಕಿತ್ತು. ಸಕಾರ ಹಲ್ಲಿನ ಸಂದಿಯಲ್ಲಿ ಉಳಿಯಿತು. ಅವನು ಕ್ಯಾನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಜನರ ಕಡೆ ತಿರುಗಿದ.

"ಯಾರ್‌ ಬಂದವ್ರೆ ನೋಡ್ರಪ್ಪಾ. ಹೆಂಡ್ತಿ ಇಲ್ಲ ಅಂತ ಮಾತಾಡೋಕೆ ತಾನೇ ಬಂದ್ಬಿಟ್ಟವ್ನೆ. ಚೋಕ್ ಎಳೀರೋ ಯಾರಾದ್ರೂ."

ಸಾಲಿಗೆ ಸಾಲೇ ನಕ್ಕಿತು. ನಾನು ಮತ್ತೆ ಪ್ರಯತ್ನಿಸಿದೆ. ಅವನು ನನ್ನ ಹಾಗೇ ಗದ್ದ ಎತ್ತಿ, ಕಣ್ಣು ಮುಚ್ಚಿ, ಸ್ಸ್ ಸ್ಸ್ ಎಂದ. ಸಾಲ ಏನಾದ್ರೂ ಬೇಕಾ, ಸಾಯಂಕಾಲ ಬಾರೋ ಎಂದು ನನ್ನ ಮಾತನ್ನು ಅವನಿಗೆ ತೋಚಿದ ಹಾಗೆ ಮುಗಿಸಿ, ಬೈಕ್ ಹತ್ತಿ ಹೊರಟ.

ಆಗ ನನ್ನ ಗಂಟಲು ಸಡಿಲವಾಯಿತು. ಇದು ನಿಜ. ಅವನ ಬೆನ್ನಿಗೆ ನಾನು ಕೂಗಿ ಹೇಳಬಹುದಿತ್ತು, ಆ ಕ್ಷಣದಲ್ಲಿ ಮಾತು ಬಾಯಿಯ ತುದಿಯವರೆಗೆ ಹದವಾಗಿ ಬಂದು ನಿಂತಿತ್ತು. ಹೇಳಲಿಲ್ಲ. ಹೋಗು, ಕುಯ್ಕೋ ಹೋಗು ಎಂದುಕೊಂಡೆ. ಮನೆಗೆ ಬಂದು ಹಿತ್ತಿಲ ಕಲ್ಲಿನ ಮೇಲೆ ಕೂತು, ಅವನು ಆ ಐದು ಸಾಲಿನ ಸೊಪ್ಪನ್ನು ಕಟ್ಟು ಕಟ್ಟಿ ಹೊತ್ತು ಬರುವುದನ್ನು ನೋಡಿದೆ. ಎರಡು ಲೋಟ ಟೀ ಕುಡಿದೆ.

ಮಾರನೆಯ ದಿನ ಹುಳುಗಳು ತಲೆಯೆತ್ತಿ ಓಲಾಡತೊಡಗಿದವು. ಬಾಯಿಂದ ಹಸಿರು ನೀರು ಕಾರಿದವು. ಸಂಜೆಯ ಹೊತ್ತಿಗೆ ಕುಗ್ಗಿ ಬೆರಳಿನರ್ಧವಾಗಿ ತಟ್ಟೆಯಿಂದ ಉದುರಿದವು. ಆ ಹುಳು ಮನೆಯನ್ನು ನೋಡಿಕೊಳ್ಳುತ್ತಿದ್ದವಳು ಅತ್ತಿಗೆ, ಅಣ್ಣನ ಹೆಂಡತಿ. ಹುಳು ಮೇಯುವ ತಿಂಗಳಲ್ಲಿ ಅವಳು ತಲೆಗೆ ಎಣ್ಣೆ ಹಾಕುತ್ತಿರಲಿಲ್ಲ, ಹೂ ಮುಡಿಯುತ್ತಿರಲಿಲ್ಲ, ವಾಸನೆಗೆ ಹುಳು ಕೆಡುತ್ತವೆ ಎಂದು. ಸತ್ತ ಹುಳುಗಳನ್ನು ಮಂಕರಿಗೆ ತುಂಬಿ ತಿಪ್ಪೆಯ ಹತ್ತಿರ ಗುಂಡಿ ತೋಡಿ ಹಾಕಿದಳು. ಅವಳು ಅಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನಾನು ಟಿವಿ ಹಚ್ಚಿದೆ.

ಅಣ್ಣ ಬಂದು ನಮ್ಮ ಜಗಲಿಯ ಮೇಲೆ ಕುಸಿದು ಕೂತ. ಔಷಧಿ ಹೊಡೆದಿದ್ದೆಯಾ ಎಂದು ಕೇಳಿದ. ನಾನು ಬಾಯಿ ತೆರೆದೆ, ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಅವನೇ, "ಇಲ್ಲ ಬಿಡು, ಹೊಡ್ದಿದ್ರೆ ಹೇಳ್ತಿದ್ದೆ" ಎಂದು ನನ್ನ ಉತ್ತರವನ್ನೂ ತಾನೇ ಕೊಟ್ಟುಕೊಂಡ. ನಾನು ತಲೆಯಾಡಿಸಿದೆ. ಮೊಟ್ಟೆಯೇ ಸರಿಯಿರಲಿಲ್ಲ ಎಂದ, ರೋಗ ಎಂದ, ಯಾರದೋ ದೃಷ್ಟಿ ಎಂದ. ನಿನ್ಹತ್ರ ಹೇಳ್ಕೊಂಡ್ರೆ ಹಗುರ ಆಯ್ತದೆ, ನೀನು ಮಧ್ಯ ಬಾಯಿ ಹಾಕಲ್ಲ ಎಂದು ಕಣ್ಣೊರೆಸಿಕೊಂಡ. ಒಳಗೆ ನನಗೆ ಹಬ್ಬ. ಪೀ ಪೀ ಬಸ್ಸು ಈಗ ಬಂತಾ ಎಂದು ಕೇಳಬೇಕು ಅನಿಸಿತು. ಒಂದು ವಾರ ನಾನು ಹೊಟ್ಟೆ ತುಂಬ ಉಂಡೆ.

ಆದರೆ ಒಂದೇ ತಿಂಗಳಿಗೆ ಅವನು ಡೈರಿಯ ಮುಂದೆ ಮತ್ತೆ ಚೋಕ್ ಎಳೆಯತೊಡಗಿದ. ಎಲ್ಲರಿಗೂ ಅದೇ ನಗು. ನನಗೆ ತಲೆ ಕೆಟ್ಟುಹೋಯಿತು. ಹೊಡೆದವನು ಯಾರೆಂದೇ ಗೊತ್ತಾಗದಿದ್ದರೆ ಅದೆಂಥ ಪೆಟ್ಟು? ಅವನ ಪಾಲಿಗೆ ಅದು ರೋಗ, ಗ್ರಹಚಾರ, ಇನ್ನೇನೋ. ನನ್ನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ನಾನು ಮಾಡಿದೆ, ನೀನು ನನ್ನ ಬಾಯಿ ಮುಚ್ಚಿಸಿದ್ದಕ್ಕೆ ಮಾಡಿದೆ ಎಂದು ಅವನಿಗೆ ತಿಳಿಯಲೇಬೇಕು. ಅದನ್ನು ತಿಳಿಸಬೇಕಾದರೆ ಅದೇ ಹಾಳು ಬಾಯಿಯಿಂದಲೇ ಹೇಳಬೇಕು. ಅರ್ಧ ಹೇಳುವಷ್ಟರಲ್ಲಿ ಅವನು ನಗಿಸಿಬಿಟ್ಟರೆ ನನ್ನ ಸೇಡೂ ಒಂದು ತಮಾಷೆಯಾಗಿ ಊರಿನಲ್ಲಿ ಓಡಾಡುತ್ತದೆ.

ಹೆಂಡತಿ ಬಹಳ ದಿನದಿಂದ ಆಸ್ಪತ್ರೆಗೆ ತೋರಿಸು ಎನ್ನುತ್ತಿದ್ದಳು. ಈ ವಯಸ್ಸಿನಲ್ಲಿ ಅ ಆ ಇ ಈ ಕಲಿಯೋಕೆ ಹೋಗಲೇನೇ ಎಂದು ಎರಡು ವರ್ಷ ತಳ್ಳಿದ್ದೆ. ಕೊನೆಗೆ ನಾನಾಗಿಯೇ ಹೊರಟಾಗ ಅವಳು ದೇವರಿಗೆ ದೀಪ ಹಚ್ಚಿದಳು.

ಮಾತಿನ ಡಾಕ್ಟರು ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗಿ. ಮೊದಲ ದಿನ ನನ್ನ ಹೆಸರು ಕೇಳಿ ಸುಮ್ಮನೆ ಕೂತಳು. ನನ್ನ ಹೆಸರು ಹೊರಬರಲು ಬಹಳ ಹೊತ್ತು ಹಿಡಿಯಿತು. ಅವಳು ಗಡಿಯಾರ ನೋಡಲಿಲ್ಲ, ಅಕ್ಷರ ಎತ್ತಿಕೊಡಲಿಲ್ಲ. ಅಷ್ಟು ಹೊತ್ತು ಯಾರೂ ನನಗಾಗಿ ಕಾದಿರಲಿಲ್ಲ, ನನಗೆ ಅಳು ಬರುವ ಹಾಗಾಯಿತು. ಇದು ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲ್ಲ ಸಾರ್, ಆದರೆ ಮಾತಿಗೆ ಹೆದರಿ ಸುತ್ತು ಹೊಡೆಯೋದು ನಿಲ್ಲಿಸಬಹುದು ಎಂದಳು. ಮೆತ್ತಗೆ ಉಸಿರು ಬಿಡುತ್ತಾ ಅಕ್ಷರ ಶುರು ಮಾಡುವುದು, ಸಿಕ್ಕಿಕೊಂಡರೆ ಬೇರೆ ಪದಕ್ಕೆ ಹಾರದೆ ಅಲ್ಲೇ ನಿಲ್ಲುವುದು, ಎದುರಿನವರ ಕಣ್ಣಿನಿಂದ ಕಣ್ಣು ಕೀಳದಿರುವುದು, ಇದೇ ಪಾಠ. ಯಾರ ಹತ್ತಿರ ಮಾತಾಡುವುದು ಎಲ್ಲಕ್ಕಿಂತ ಕಷ್ಟ ಎಂದು ಕೇಳಿದಳು. ಅಣ್ಣ ಎಂದೆ. ಹಾಗಾದರೆ ಅವರಿಗೆ ಹೇಳುವ ಒಂದು ಮಾತು ತಯಾರು ಮಾಡೋಣ ಎಂದಳು. ಅಣ್ಣ, ನಿನಗೊಂದು ವಿಷಯ ಹೇಳಬೇಕು, ಮುಗಿಯುವವರೆಗೆ ಬಾಯಿ ಹಾಕಬೇಡ. ಇಷ್ಟನ್ನು ಐದು ತಿಂಗಳು ಅಭ್ಯಾಸ ಮಾಡಿದೆವು. ಮುಂದಿನದು ಏನೆಂದು ಅವಳು ಕೇಳಲಿಲ್ಲ. ಅಣ್ಣ ತಮ್ಮ ಒಂದಾಗುತ್ತಾರೆ ಎಂದುಕೊಂಡಿರಬೇಕು, ಪಾಪ, ಹೋಗಿ ಬನ್ನಿ ಸಾರ್, ಒಳ್ಳೆಯದಾಗಲಿ ಎಂದು ಕೈ ಮುಗಿದು ಕಳಿಸಿದಳು.

ಮಧ್ಯಾಹ್ನ ಊಟವಾದ ಮೇಲೆ ಹೋದೆ. ಅಣ್ಣ ಹುಳು ಮನೆಯ ಮುಂದೆ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಬಿಸಿಲಿಗೆ ಹರಡುತ್ತಿದ್ದ. ನನ್ನ ಮುಖ ಕಂಡ ಕೂಡಲೇ ಅವನ ತುಟಿಯ ಮೂಲೆಯಲ್ಲಿ ನಗು ಏಳತೊಡಗಿತು. ನಾನು ಉಸಿರು ಬಿಟ್ಟು ಶುರು ಮಾಡಿದೆ. ಬಾಯಿ ಹಾಕಬೇಡ ಎಂಬಲ್ಲಿ ಬಕಾರದ ಮೇಲೆ ನಿಂತೆ, ಅಲ್ಲೇ ನಿಂತೆ, ಕಣ್ಣು ಕೀಳಲಿಲ್ಲ. ಅವನ ನಗು ಹಾಗೇ ಆರಿತು. ಆಮೇಲೆ ಮಿಕ್ಕಿದ್ದನ್ನು ಹೇಳಿದೆ. ಪ್ರತಿ ಪದಕ್ಕೂ ಉಗ್ಗಿದೆ. ಗಾಳಿ ತಿರುಗಿದ್ದು, ಐದು ಸಾಲು, ಡೈರಿಗೆ ಓಡಿದ್ದು, ಅವನು ನನ್ನ ಹಾಗೆ ಗದ್ದ ಎತ್ತಿ ಅಣಕಿಸಿದ್ದು, ನನಗೆ ಗೊತ್ತಿದ್ದೂ ಹೇಳದೆ ಬಿಟ್ಟದ್ದು, ಟೀ ಕುಡಿಯುತ್ತಾ ನೋಡಿದ್ದು. ಸಮೇತನಹಳ್ಳಿಯ ಹೆಣ್ಣನ್ನೂ ಸೇರಿಸಿದೆ. ಅವನು ಒಂದು ಸಲವೂ ಬಾಯಿ ತೆರೆಯಲಿಲ್ಲ. ಮುಖ ಬಿಳುಚಿಕೊಂಡು, ಕೈಯಲ್ಲಿದ್ದ ಚಂದ್ರಿಕೆ ಕೆಳಗಿಟ್ಟು, ನೆಲದ ಮೇಲೆ ಕೂತ. ನಾನು ಬೇಕೆಂದಿದ್ದ ಮುಖ ಅದೇ. ಇಷ್ಟು ವರ್ಷ ಕಾದದ್ದಕ್ಕೂ ಸಾರ್ಥಕ ಅನಿಸಿತು, ಮೈಯೆಲ್ಲ ಹಗುರಾಯಿತು.

ಆಗ ಒಳಗಿನಿಂದ ಅತ್ತಿಗೆ ಬಾಗಿಲಿಗೆ ಬಂದಳು. ಎಣ್ಣೆ ಕಾಣದ ಕೂದಲು, ಕೈ ತುಂಬ ಸೊಪ್ಪು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಯಾವತ್ತೂ ನನ್ನನ್ನು ನೋಡಿ ನಕ್ಕವಳಲ್ಲ. ಅವತ್ತು ಕೂಗಾಡಲೂ ಇಲ್ಲ.

"ಅವ್ರು ನಕ್ರು, ಸರಿ ಕಣಪ್ಪಾ. ನನ್ ನಂಬರ್ ಇತ್ತಲ್ಲ ನಿನ್ಹತ್ರ. ಸೊಪ್ಪು ಹಾಕ್ಬೇಡ ಅತ್ತಿಗೆ ಅಂತ ಒಂದು ಮೆಸೇಜ್ ಹಾಕಕ್ಕೆ ಬಾಯಿ ಯಾಕ್ ಬೇಕಿತ್ತು?"

ಕೇಳಿ, ನನ್ನ ಉತ್ತರಕ್ಕೆ ನಿಂತಳು. ನಾನು ಉಸಿರು ಬಿಟ್ಟು ಶುರು ಮಾಡಿದೆ. ಒಂದು ಅಕ್ಷರವೂ ಬರಲಿಲ್ಲ. ಮತ್ತೆ ಶುರು ಮಾಡಿದೆ. ಅತ್ತಿಗೆ ಕಾಯುತ್ತಲೇ ಇದ್ದಳು. ತಡೆಯಲಾರದೆ ಅಣ್ಣನ ಕಡೆ ನೋಡಿದೆ. ಹುಟ್ಟಿದಾಗಿನಿಂದ ನನ್ನ ಮಾತನ್ನೆಲ್ಲ ತಾನೇ ಮುಗಿಸಿಕೊಟ್ಟವನು, ನೆಲದ ಮೇಲೆ ಕೂತು ನನ್ನ ಬಾಯಿಯನ್ನೇ ನೋಡುತ್ತಾ ಅವನೂ ಕಾಯುತ್ತಿದ್ದ.