ನಿಮ್ಮ ಅಕ್ಕ ಹೇಳಿರಲಿಲ್ಲ

ಮಂಜುಳಾ, ನೀವು ಕೆಲಸ ಮಾಡುವ ಜಾಗ ನಿಮ್ಮ ಗಂಡನಿಗೆ ಗೊತ್ತಾದದ್ದು ನಿಮ್ಮ ಅಕ್ಕ ಸುಶೀಲಮ್ಮನಿಂದ ಅಲ್ಲ. ನನ್ನಿಂದ. ಇಷ್ಟು ವರ್ಷ ಆತನನ್ನು ಬಿಟ್ಟರೆ ಇದು ಗೊತ್ತಿದ್ದವಳು ನಾನೊಬ್ಬಳೇ.

ಹಲಸೂರಿನ ಆ ಮದುವೆ ಕಾರ್ಡಿನ ಪ್ರೆಸ್ಸಿನಲ್ಲಿ ನಾನು ಲೆಕ್ಕ ನೋಡಿಕೊಳ್ಳುತ್ತಿದ್ದೆ. ಸಂಬಳವನ್ನು ಕವರಿನಲ್ಲಿ ಹಾಕಿ ಕೊಡುವುದು ನಿಂತು, ಕಂಪ್ಯೂಟರಿನಿಂದ ಬ್ಯಾಂಕ್ ಖಾತೆಗೇ ಕಳಿಸುವ ಪದ್ಧತಿ ಆಗಷ್ಟೇ ಬಂದಿತ್ತು. ಆ ಸಾಫ್ಟ್‌ವೇರ್ ಪ್ರೆಸ್ಸಿನಲ್ಲಿ ನನಗೊಬ್ಬಳಿಗೇ ಬರುತ್ತಿತ್ತು — ಆ ಜಂಬವೂ ಇತ್ತು.

ಗಂಡನ ಹೊಡೆತ ತಾಳಲಾರದೆ ಮಗಳನ್ನು ಕರೆದುಕೊಂಡು ಕೆ.ಆರ್.ಪುರದಿಂದ ಬಂದವರು ನೀವು. ಕಾಕ್ಸ್ ಟೌನಿನ ತಮ್ಮ ಮನೆಯಲ್ಲಿಟ್ಟುಕೊಂಡರೆ ಆತ ಹುಡುಕಿ ಬರುತ್ತಾನೆಂದು ಸುಶೀಲಮ್ಮ ಹಲಸೂರಿನಲ್ಲೇ ಒಂದು ರೂಮು ಮಾಡಿಕೊಟ್ಟಿದ್ದರು. ಬೈಂಡಿಂಗ್ ಕೆಲಸವನ್ನೂ ಅವರೇ ಕೊಡಿಸಿದ್ದು. ಸೇರಿದ ದಿನ ನಿಮ್ಮ ಬಳಿ ಇದ್ದದ್ದು ಗಂಡನ ಜೊತೆ ಜಂಟಿಯಾಗಿ ತೆರೆದ ಖಾತೆಯ ಪಾಸ್‌ಬುಕ್ಕಿನ ಜೆರಾಕ್ಸ್. ಅದರ ನಂಬರನ್ನೇ ಹಾಕಿಕೊಂಡೆ. ಮೊದಲ ಸಂಬಳಕ್ಕೆ ಮುಂಚೆಯೇ ನೀವು ಹೊಸ ಖಾತೆ ತೆರೆದು ಬಂದಿರಿ.

“ಹಳೇದಕ್ಕೆ ಹಾಕ್ಬೇಡಿ ಮೇಡಂ. ಅವ್ರು ಪಾಸ್‌ಬುಕ್ ಎಂಟ್ರಿ ಮಾಡಿಸ್ತಾರೆ. ನಾನೆಲ್ಲಿದ್ದೀನಿ ಅಂತ ಗೊತ್ತಾಗ್ಬಾರ್ದು.”

“ಮಾಡ್ತೀನಿ, ಹೋಗಿ,” ಎಂದೆ.

ಮಾಡಿದೆ — ಅರ್ಧ. ನಿಮ್ಮ ವಿವರವಿದ್ದ ಪುಟದಲ್ಲಿ ನಂಬರು ಬದಲಿಸಿದೆ. ಸಂಬಳ ಕಳಿಸುವ ಪುಟದಲ್ಲಿ ಅದನ್ನು ಬೇರೆಯಾಗಿ ಬದಲಿಸಬೇಕಿತ್ತು. ನನಗದು ಗೊತ್ತಿತ್ತು. ಆಮೇಲೆ ನೋಡೋಣವೆಂದು ಬಿಟ್ಟೆ.

ಸಂಬಳ ಬಂದಿಲ್ಲವೆಂದು ನೀವು ಕೇಳಿದಾಗಲೇ ತೆರೆದು ನೋಡಿದ್ದು. ಹಣ ಹಳೆಯ ಖಾತೆಗೆ ಹೋಗಿತ್ತು — ನಮ್ಮ ಪ್ರೆಸ್ಸಿನ ಹೆಸರಿನ ಸಮೇತ. ಆಗ ಹೇಳಿದ್ದರೆ ನೀವು ಅವತ್ತೇ ಮಗಳನ್ನು ಕರೆದುಕೊಂಡು ಬೇರೆಲ್ಲಿಗಾದರೂ... ಬ್ಯಾಂಕಿನಲ್ಲಿ ತಡವಾಗಿದೆ ಎಂದುಬಿಟ್ಟೆ. ಮಧ್ಯಾಹ್ನ ನನ್ನ ಸ್ವಂತ ಹಣವನ್ನು ನಿಮ್ಮ ಹೊಸ ಖಾತೆಗೆ ಕಟ್ಟಿಬಂದು, ನಂಬರು ಸರಿಮಾಡಿದೆ. ಮಾಲೀಕರಿಗೂ ತಿಳಿಯಲಿಲ್ಲ, ನಿಮಗೂ ತಿಳಿಯಲಿಲ್ಲ. ಅವತ್ತು ನನಗೆ ನೆಮ್ಮದಿಯೇ ಆಗಿತ್ತು.

ಮುಂದಿನ ವಾರ ನಿಮ್ಮ ಗಂಡ ಪ್ರೆಸ್ಸಿನ ಗೇಟಿನ ಎದುರು ನಿಂತಿದ್ದ. ಜಗಳವಾಡಲಿಲ್ಲ. ನಿಮಗೆ ಕಾಣದಂತೆ ನಿಮ್ಮ ಹಿಂದೆಯೇ ರೂಮಿನವರೆಗೂ ಹೋದನೆಂದು ಆಮೇಲೆ ತಿಳಿಯಿತು. ಮರುದಿನ ನೀವು ಕೆಲಸದಲ್ಲಿದ್ದಾಗ ಮಗಳನ್ನು ಕರೆದೊಯ್ದ. ಮಗಳಿಗಾಗಿ ನೀವೂ ಆ ಮನೆಗೇ ಹಿಂತಿರುಗಿದಿರಿ. ಕೆಲಸ ಬಿಡುವೆನೆಂದು ಹೇಳಲು ಬಂದಾಗ ನಿಮ್ಮ ತುಟಿ ಒಡೆದಿತ್ತು.

“ನಮ್ಮಕ್ಕನೇ ಹೇಳಿರೋದು ಮೇಡಂ. ಅವಳನ್ನ ಬಿಟ್ರೆ ಈ ಜಾಗ ಯಾರ್ಗೂ ಗೊತ್ತಿರ್ಲಿಲ್ಲ. ಅವನ ಕಾಟ ತಡೀಲಾರ್ದೆ ಹೇಳ್ಬಿಟ್ಟಿದ್ದಾಳೆ.”

ನಿಜ ಹೇಳಲೆಂದೇ ಬಾಯಿ ತೆರೆದೆ. ಬಂದದ್ದು ಈ ಮಾತು —

“ಸ್ವಂತದವರೇ ಹೀಗ್ಮಾಡಿದ್ರೆ ಯಾರನ್ನ ನಂಬೋದು ಹೇಳಿ.”

ನಂಬರು ಬದಲಿಸದೆ ಬಿಟ್ಟದ್ದನ್ನು ಉದಾಸೀನ ಎನ್ನಬಹುದು. ಈ ಮಾತನ್ನು ಏನೆಂದು ಕರೆಯಲಿ?

ಕೆಲವು ವರ್ಷಗಳ ನಂತರ ರಸೆಲ್ ಮಾರುಕಟ್ಟೆಯಲ್ಲಿ ಸುಶೀಲಮ್ಮ ಸಿಕ್ಕಿದರು. ಸೊಪ್ಪಿನ ಚೀಲ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

“ಮಂಜು ಮಾತೇ ಬಿಟ್ಬಿಟ್ಲು. ಮನೆ ಹತ್ರ ಹೋದ್ರೆ ಒಳಗಿಂದ ಚಿಲಕ ಹಾಕ್ಕೊತಾಳೆ. ನಾನೇನು ಮಾಡ್ದೆ ಅಂತ ನಿಮ್ಗೇನಾದ್ರೂ ಹೇಳಿದ್ಲಾ?”

“ಇಲ್ಲಮ್ಮ,” ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಕೈ ಬಿಡಿಸಿಕೊಂಡು ಹೊರಟೆ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋಗಿದ್ದೆ. ನೀವೂ ಬಂದಿದ್ದಿರಿ, ಎತ್ತರಕ್ಕೆ ಬೆಳೆದ ಮಗಳ ಜೊತೆ. ಗೇಟಿನ ಆಚೆಯೇ ನಿಂತಿರಿ. ಯಾರೋ ಹೆಂಗಸು, “ಬಾಮ್ಮ, ಕೊನೇ ಸಲ ಮುಖ ನೋಡ್ಕೊಂಡು ಹೋಗು,” ಎಂದು ಕರೆದರು. ನೀವು ಬೇಡವೆಂದು ತಲೆಯಾಡಿಸಿ ಹೊರಟುಹೋದಿರಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಾನಿದ್ದೆ. ಆಗಲೂ ಹೇಳಲಿಲ್ಲ.

ಕ್ಷಮೆ ಕೇಳುವುದಿಲ್ಲ. ಆ ಮನೆಯಲ್ಲಿ ನೀವು ಪಟ್ಟದ್ದಕ್ಕೆ, ಅಕ್ಕನ ಸಾವಿನ ಮನೆಯಿಂದ ನೀವು ಅಳದೆ ಹೋದದ್ದಕ್ಕೆ ಕಾರಣ ನಾನು. ಇರುವ ಸಿಟ್ಟೆಲ್ಲ ನನ್ನ ಮೇಲಿರಲಿ. ಆದರೆ ಅಕ್ಕನಿಗಾಗಿ ಬರುವ ಅಳುವನ್ನು ಇನ್ನೂ ತಡೆದಿಟ್ಟುಕೊಂಡಿದ್ದರೆ — ಅತ್ತುಬಿಡಿ, ಮಂಜುಳಾ. ಅವರು ನಿಮ್ಮನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.