ತಂಡದ ಇತಿಹಾಸದಲ್ಲಿ ನನ್ನ ಹೊಟ್ಟೆ

ಸ್ನೇಹಿತರೇ, ಇವತ್ತು ನಾನು ಅಧಿಕೃತವಾಗಿ ಇತಿಹಾಸ ಸೇರಿದೆ. ಕುತ್ತಿಗೆಯಿಂದ ಕೆಳಗೆ ಮಾತ್ರ.

ನಾನು ಓದಿದ ದಿಲ್ಲಿಯ ವಿಶ್ವವಿದ್ಯಾಲಯದಲ್ಲಿ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಇತಿಹಾಸ ಹೇಳುವ ಗೋಡೆಯ ಉದ್ಘಾಟನೆ ಇತ್ತು. ಹಳೇ ಆಟಗಾರ್ತಿಯರಿಗೆಲ್ಲ ಕರೆ ಬಂದಿತ್ತು. ಆರ್.ಕೆ.ಪುರಂನ ಮನೆಯಿಂದ ಮಗಳನ್ನೂ ಕರೆದುಕೊಂಡು ಹೋದೆ. ಪರದೆ ಸರಿಸಿದರು. ನಾವು ಕಪ್ ಗೆದ್ದ ದಿನದ ಗ್ರೂಪ್ ಫೋಟೋ ಗೋಡೆ ತುಂಬ ಇತ್ತು. ಮುಂದಿನ ಕುರ್ಚಿಗಳಲ್ಲಿ ಆಗಿನ ಕುಲಪತಿ, ಕುಲಸಚಿವರು, ಡೀನ್, ಡೀನರ ಭಾವಮೈದ. ಹಿಂದೆ ನಿಂತಿದ್ದ ನಮ್ಮ ತಲೆಗಳನ್ನು ಮಾತ್ರ ಚೌಕಟ್ಟಿಗೆ ಹಿಡಿಸಲಿಲ್ಲ ಅಂತ ಕತ್ತರಿಸಿಬಿಟ್ಟಿದ್ದರು.

"ಮಮ್ಮಾ, ಇದರಲ್ಲಿ ಆಪ್ ಕಹಾಂ ಹೋ?" ಅಂದಳು ಮಗಳು.

"ಕುಲಪತಿಗಳ ಬೋಳುತಲೆ ಮೇಲೆ ಏಳನೇ ನಂಬರಿನ ಜೆರ್ಸಿ ಕಾಣುತ್ತಲ್ಲ, ಆ ಹೊಟ್ಟೆ ನನ್ನದು."

ಕ್ರೀಡಾಧಿಕಾರಿಯನ್ನು ಹಿಡಿದು ಕೇಳಿದೆ. "ಕ್ಯಾ ಕರೇಂ ಮೇಡಂ, ನೀವೆಲ್ಲ ತುಂಬಾ ಎತ್ತರ" ಅಂದರು. ಹೌದು, ಬಾಸ್ಕೆಟ್‌ಬಾಲ್ ತಂಡಕ್ಕೆ ಎತ್ತರದ ಹುಡುಗಿಯರು ಸೇರಿದ್ದೇ ತಪ್ಪು!

ಅಷ್ಟರಲ್ಲಿ ಇವತ್ತಿನ ಫೋಟೋಗೆ ಈಗಿನ ಸಾಹೇಬರಿಗಾಗಿ ಮುಂದೆ ಕುರ್ಚಿ ಜೋಡಿಸಿದರು. "ಪ್ಲೇಯರ್ಸ್ ಪೀಛೇ!" ಅಂತ ನಮಗೆ ಹಿಂದೆ ನಿಲ್ಲಲು ಅದೇ ಮಹಾಶಯರು ಕೂಗಿದರು. ನಮ್ಮ ಹಳೇ ಕ್ಯಾಪ್ಟನ್ ಸೀದಾ ಹೋಗಿ ನಡುವಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಳು. ನಾವೂ ಕೂತೆವು. ಸಾಹೇಬರೆಲ್ಲ ಬೇರೆ ದಾರಿಯಿಲ್ಲದೆ ಹಿಂದೆ ನಿಂತರು.

ಮುಂದೊಂದು ದಿನ ಈ ಫೋಟೋವನ್ನೂ ಗೋಡೆಗೆ ಏರಿಸಿದರೆ ಅವರ ತಲೆಗಳು ಹೋದಾವು, ಪಾಪ. ಚಿಂತೆಯಿಲ್ಲ, ಹೊಟ್ಟೆ ಇದೆಯಲ್ಲ, ಗುರುತು ಹಿಡಿಯೋಕೆ ಅಷ್ಟು ಸಾಕು.